ಮುಟ್ಟದೆ ಬಿಟ್ಟ ತಟ್ಟೆ

ಶಂಕರಪುರ
12 ಜುಲೈ 1998

ಕುಶಲಾ,

ಈ ಕಾಗದ ಅಂಚೆಯಲ್ಲಿ ಬರುವುದಿಲ್ಲ. ಮಲ್ಲಿಗೆಯ ಬುಟ್ಟಿಯಲ್ಲಿ, ಬಾಳೆಲೆಯ ಅಡಿಯಲ್ಲಿ, ಬೆಳಗಿನ ಬಸ್ಸಿನ ಕಂಡಕ್ಟರನ ಕಾಲ ಬಳಿ ಕುಳಿತು ಬಡಗುಕೆರೆಗೆ ಬರುತ್ತದೆ. ಹೂವಿನ ಕಟ್ಟೆಯ ಅಪ್ಪಿಯಕ್ಕ ನಿನ್ನ ಕೈಗೆ ಮುಟ್ಟಿಸುತ್ತಾಳೆ. ಉತ್ತರವನ್ನು ಅವಳಿಗೇ ಕೊಟ್ಟರೆ ಸಂಜೆ ಖಾಲಿ ಬುಟ್ಟಿಯ ಜೊತೆ ನನಗೆ ಸಿಗುತ್ತದೆ. ನಮ್ಮಲ್ಲಿ ಫೋನಿಲ್ಲ. ಚರ್ಚಿನ ಎದುರಿನ ಬೂತಿನಿಂದ ಮಾಡಬಹುದಿತ್ತು. ಆದರೆ ನಿನ್ನ ಮನೆಯ ಫೋನು ನಿನ್ನ ಅಣ್ಣನ ಮನೆಯಲ್ಲೂ ರಿಂಗಾಗುತ್ತದಂತೆ.

ನನ್ನ ಅಮ್ಮ ತೀರಿಕೊಂಡಾಗ ನೀನು ಬರಲಿಲ್ಲ. ಅದರ ಬಗ್ಗೆ ಈ ಕಾಗದದಲ್ಲಿ ಬರೆಯುವುದಿಲ್ಲ ಎಂದುಕೊಂಡೇ ಕುಳಿತೆ.

ವಿಷಯ ಇಷ್ಟು. ನಾನು ಕಟ್ಟಿದ ಹೂವನ್ನು ಹದಿನಾರು ವರ್ಷದಿಂದ ಮಾರುವವಳು ಅಪ್ಪಿಯಕ್ಕ. ನನ್ನದು ಮಾತ್ರವಲ್ಲ, ನಮ್ಮ ಬೀದಿಯ ಅರ್ಧ ಮನೆಗಳ ಹೂವು ನಿಮ್ಮೂರಿನ ಬಸ್ ನಿಲ್ದಾಣದ ಎದುರಿನ ಆ ಕಲ್ಲಿನ ಕಟ್ಟೆಯಿಂದಲೇ ಹೋಗುವುದು. ಕಳೆದ ವಾರ ಟೇಪು ಹಿಡಿದುಕೊಂಡು ಇಬ್ಬರು ಬಂದು ಕಟ್ಟೆಯನ್ನು ಅಳೆದರಂತೆ. ಅಪ್ಪಿಯಕ್ಕ ಕಾಲು ತೆಗೆಯಲಿಲ್ಲವಂತೆ. "ನನ್ನ ಕಾಲೂ ಸೇರಿಸಿ ಅಳೀರಿ" ಎಂದಳಂತೆ. ಹಿಂದೆ ಏಳುತ್ತಿರುವ ಕಾಂಪ್ಲೆಕ್ಸಿಗೆ ಕಾರು ನಿಲ್ಲಿಸುವ ಜಾಗ ಬೇಕಂತೆ. ಹೂವಿನ ಹೆಂಗಸರನ್ನು ಮಾರ್ಕೆಟಿನ ಮೇಲಿನ ಮಾಳಿಗೆಗೆ ಹಾಕುತ್ತಾರಂತೆ.

ಮಾಳಿಗೆ ಹತ್ತಿ ಮಲ್ಲಿಗೆ ಕೊಳ್ಳುವವರನ್ನು ನೀನು ನೋಡಿದ್ದೀಯಾ? ಬಸ್ಸಿನಿಂದ ಇಳಿದವಳು ಕಣ್ಣಿಗೆ ಬಿದ್ದರೆ ಕೊಳ್ಳುತ್ತಾಳೆ, ಬೀಳದಿದ್ದರೆ ಮನೆಗೆ ಹೋಗುತ್ತಾಳೆ. ಹೂವು ನಾಳೆಗೆ ಕಾಯುವುದಿಲ್ಲ.

ಆ ವಾರ್ಡು ನಿನ್ನದು. ಪುರಸಭೆಯಲ್ಲಿ ಕುರ್ಚಿ ಹಾಕಿ ಕುಳಿತವಳು ನೀನು. ಬೇಡ ಎಂದು ಹೇಳು. ಇಷ್ಟೇ ಕೇಳುವುದು.

ಬಾಯಲ್ಲಿ ನಾನು ಕೊಂಕಣಿ, ನೀನು ತುಳು. ಕಾಗದಕ್ಕೆ ಮಾತ್ರ ನಾವು ಒಟ್ಟಿಗೆ ಕಲಿತ ಶಾಲೆಯ ಕನ್ನಡ. ತಪ್ಪಿದ್ದರೆ ಟೀಚರಮ್ಮನಂತೆ ಗೀಟು ಎಳೆಯಬೇಡ.

ಬರ್ತಾ


ಬಡಗುಕೆರೆ
16 ಜುಲೈ 1998

ಪ್ರೀತಿಯ ಬರ್ತಾ,

ನೀನು ಹಿಂದೆ ಬರೆದಾಗ ಮಗಳು ಚೈತಾಲಿಗೆ ಹಲ್ಲು ಬಂದಿರಲಿಲ್ಲ. ಈಗ ಅವಳು ಮಣಿಪಾಲದ ಲ್ಯಾಬಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಬೆಳ್ಮಣ್ಣಿನ ಹುಡುಗನೊಬ್ಬನ ಜೊತೆ ಮಾತುಕತೆ ಮುಗಿದಿದೆ. ಮಳೆ ನಿಂತ ಮೇಲೆ ಮದುವೆ.

ನಿನ್ನ ಕಾಗದವನ್ನು ಕೊಡುವಾಗ ಅಪ್ಪಿಯಕ್ಕ ಕಣ್ಣು ಹೊಡೆದಳು. "ಎಂತ, ಈ ಪ್ರಾಯದಲ್ಲಿ ಇಬ್ಬರೂ ಕದ್ದು ಬರೆಯುವುದು?" ಎಂದಳು. ಶಾಯಿ ಸ್ವಲ್ಪ ಹರಡಿತ್ತು. ಓದಲು ಆಯಿತು. ನೀನು ಬರೆಯದೆ ಬಿಟ್ಟದ್ದನ್ನೂ ಓದಿದೆ.

ನನ್ನ ಕುರ್ಚಿಯ ಬಗ್ಗೆ ನಿನಗೆ ತಿಳಿದಿರಬೇಕು. ಅದು ಶೇಖರಣ್ಣನ ಕುರ್ಚಿ. ಎರಡು ಅವಧಿಗೆ ಅವನೇ ಸದಸ್ಯನಾಗಿದ್ದ. ಮೂರನೆಯ ಸಲ ವಾರ್ಡು ಹೆಂಗಸರಿಗೆ ಮೀಸಲಾಯಿತು. ಆ ದಿನ ಅಂಗಳ ದಾಟಿ ಬಂದು, "ನೀನು ನಿಲ್ಲು, ಉಳಿದದ್ದು ನಾನು ನೋಡುತ್ತೇನೆ" ಎಂದ. ನಾನು ನಿಂತೆ. ಉಳಿದದ್ದನ್ನು ಅವನು ನೋಡುತ್ತಿದ್ದಾನೆ. ಸಭೆಯ ದಿನ ಸಾರ್ವಜನಿಕರ ಬೆಂಚಿನಲ್ಲಿ, ನನ್ನ ಕುರ್ಚಿಯ ನೇರ ಹಿಂದೆ ಕೂರುತ್ತಾನೆ. ನಾನು ತಿರುಗುವುದಿಲ್ಲ. ಅವನು ನಶ್ಯ ಏರಿಸುವ ಸದ್ದಿನಿಂದಲೇ ಅವನಿಗೆ ಏನು ಬೇಕೆಂದು ತಿಳಿಯುತ್ತದೆ.

ಆ ಕಾಂಪ್ಲೆಕ್ಸಿನಲ್ಲಿ ಅಣ್ಣನ ಪಾಲೂ ಉಂಟು. ಇದನ್ನು ನಿನಗೆ ಬೇರೆಯವರು ಹೇಳುವ ಮೊದಲು ನಾನೇ ಹೇಳಿದೆ.

ಆದರೂ ಹೆದರಬೇಡ. ನಮ್ಮ ಅಮ್ಮನನ್ನು ನೀನು ಕಂಡಿದ್ದೀಯಲ್ಲ. ನಮ್ಮ ಮನೆಯಲ್ಲಿ ಆಸ್ತಿ ಹೆಂಗಸರ ಬಳ್ಳಿಯಲ್ಲಿ ಇಳಿಯುವುದು. ಆಳುವವನು ಸೋದರಮಾವ, ಆದರೆ ಒಂದು ಗದ್ದೆ ಮಾರಬೇಕಾದರೂ ಮನೆಯ ಪ್ರತಿ ಹೆಂಗಸಿನ ಎದುರು ವೀಳ್ಯದೆಲೆಯ ಹರಿವಾಣ ಇಡಬೇಕು. ಅವಳು ಒಂದು ಎಲೆ ಎತ್ತಿಕೊಂಡು ತುಳುವಿನಲ್ಲಿ "ಆವು" ಎನ್ನಬೇಕು, ಎಂದರೆ ಆಗಬಹುದು ಎಂದು. ಬಾಕಿಮಾರು ಗದ್ದೆ ಮಾರಲು ದೊಡ್ಡ ಮಾವ ಹೊರಟಾಗ ಅಮ್ಮ ಬೇಡ ಎನ್ನಲಿಲ್ಲ. ಜಗಳವಾಡಲಿಲ್ಲ. ಹರಿವಾಣ ಬಂದಾಗಲೆಲ್ಲ ಅದನ್ನು ಒಂದು ಗೇಣು ಆಚೆ ಸರಿಸಿ ಬತ್ತಿ ಹೊಸೆಯುತ್ತ ಕುಳಿತಿದ್ದಳು. ಮಾವ ಸಾಯುವವರೆಗೂ ಗದ್ದೆ ಗದ್ದೆಯಾಗಿಯೇ ಉಳಿಯಿತು.

ಅಣ್ಣನ ಎದುರು ನಿಂತು ಬೇಡ ಎನ್ನುವುದು ನನ್ನಿಂದ ಆಗದು. ಆದರೆ ಆವು ಎನ್ನದೆ ಇರಬಲ್ಲೆ.

ಕುಶಲಾ


ಬಡಗುಕೆರೆ
29 ಜುಲೈ 1998

ಪ್ರೀತಿಯ ಬರ್ತಾ,

ಮುಗಿಯಿತು. ಕಟ್ಟೆ ಉಳಿಯಿತು ಎಂದೇ ತಿಳಿ.

ನಿನ್ನೆಯ ಸಾಮಾನ್ಯ ಸಭೆ. ಹೊರಗೆ ಮಳೆ ಎಷ್ಟೆಂದರೆ ಒಳಗೆ ಯಾರು ಏನು ಹೇಳಿದರೂ ಜಗಳದಂತೆ ಕೇಳುತ್ತಿತ್ತು. ದಾರಿದೀಪದ ವಿಷಯಕ್ಕೆ ಒಂದು ಗಂಟೆ ಹೋಯಿತು. ಬಂದರು ರಸ್ತೆಯ ಸದಸ್ಯರು ತಮ್ಮ ವಾರ್ಡಿನಲ್ಲಿ ಕಂಬ ಉಂಟು, ಬಲ್ಬು ಇಲ್ಲ ಎಂದರು. ಪಕ್ಕದ ವಾರ್ಡಿನವರು, "ನಮ್ಮಲ್ಲಿ ಬಲ್ಬು ಉಂಟು, ಕಂಬ ಕೊಡಿ ಮಾರಾಯ್ರೆ" ಎಂದರು. ಎಲ್ಲರೂ ನಕ್ಕರು. ಆ ನಗು ಇಳಿಯುವ ಮೊದಲೇ ಗುಮಾಸ್ತ ಮುಂದಿನ ವಿಷಯ ಓದಿದ. ಹೂವಿನ ಕಟ್ಟೆಯ ಜಾಗವನ್ನು ವಾಹನ ನಿಲುಗಡೆಗಾಗಿ ಕಾಂಪ್ಲೆಕ್ಸಿನವರಿಗೆ ಗುತ್ತಿಗೆಗೆ ಕೊಡುವ ಬಗ್ಗೆ. ಅವನು ಓದುವ ವೇಗದಲ್ಲಿ ಅದು ಒಂದೇ ಶಬ್ದದಂತೆ ಕೇಳಿತು.

ಅಧ್ಯಕ್ಷರು ನನ್ನ ಕಡೆ ನೋಡಿದರು. ವಾರ್ಡು ನನ್ನದಲ್ಲವೇ. ಹಿಂದೆ ನಶ್ಯದ ಡಬ್ಬಿ ತೆರೆದ ಸದ್ದು. ಆಗಲೇ ಚಹಾ, ಗೋಳಿಬಜೆಯ ತಟ್ಟೆ ಬಂದು ನನ್ನ ಎದುರು ಕುಳಿತಿತ್ತು. ನಾನು ತಟ್ಟೆಯನ್ನು ಮುಟ್ಟಲಿಲ್ಲ. ಒಂದು ಗೇಣು ಆಚೆ ಸರಿಸಿದೆ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಮೇಜಿನ ಹಸಿರು ಬಟ್ಟೆಯನ್ನು ನೋಡುತ್ತ ಕುಳಿತೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ನನ್ನ ಅಮ್ಮ ನನ್ನೊಳಗೆ ಕುಳಿತಿದ್ದಾಳೆ ಎನಿಸಿತು. ಇಂಥ ಮಾತು ನಾನು ಸಾಮಾನ್ಯವಾಗಿ ಬರೆಯುವವಳಲ್ಲ.

ಯಾರೋ ಮೇಜು ತಟ್ಟಿದರು. ಗುಮಾಸ್ತ ಮುಂದಿನ ವಿಷಯಕ್ಕೆ ಹೋದ. ಚರಂಡಿಯ ಹೂಳು.

ಹೊರಗೆ ಬಂದಾಗ ಅಣ್ಣ ಕೊಡೆ ಬಿಡಿಸಿ ಹಿಡಿದ. ಗೇಟಿನವರೆಗೆ ಒಂದೇ ಕೊಡೆಯಲ್ಲಿ ನಡೆದೆವು. ಅವನು ಏನೂ ಕೇಳಲಿಲ್ಲ. ಅವನಿಗೆ ಅರ್ಥವಾಗಿದೆ.

ಕುಶಲಾ


ಶಂಕರಪುರ
13 ಆಗಸ್ಟ್ 1998

ಕುಶಲಾ,

ನಿನ್ನ ಹಿಂದಿನ ಕಾಗದವನ್ನು ಅಪ್ಪಿಯಕ್ಕನಿಗೆ ಓದಿ ಹೇಳಲೆಂದೇ ನಾನು ಬಡಗುಕೆರೆಗೆ ಬಂದಿದ್ದೆ. ಅವಳು ಎಲ್ಲ ಹೆಂಗಸರಿಗೂ ಚಹಾ ಕುಡಿಸಿದಳು. ಅದು ಹೋದ ವಾರದ ಮಾತು.

ನಿನ್ನೆ ಪುರಸಭೆಯ ಜವಾನ ಬಂದು ಕಟ್ಟೆಯ ಕಲ್ಲಿಗೆ ನೋಟೀಸು ಅಂಟಿಸಿದ. ಮಳೆಗೆ ಅಂಟಲಿಲ್ಲ. ಕೊನೆಗೆ ಟಾರ್ಪಾಲಿಗೆ ಚುಚ್ಚಲು ಅಪ್ಪಿಯಕ್ಕನ ಹತ್ತಿರವೇ ಗುಂಡುಸೂಜಿ ಕೇಳಿದನಂತೆ. ಹದಿನೈದು ದಿನದೊಳಗೆ ಕಟ್ಟೆ ಬಿಡಬೇಕು. ಸಾಮಾನ್ಯ ಸಭೆಯಲ್ಲಿ ಸರ್ವಾನುಮತದಿಂದ ತೀರ್ಮಾನಿಸಲಾಗಿದೆ ಎಂದು ಬರೆದಿದೆ.

ಅಪ್ಪಿಯಕ್ಕ ಜವಾನನನ್ನು, "ಸರ್ವಾನುಮತ ಅಂದರೆ ಎಂತ ಮಗಾ?" ಎಂದು ಕೇಳಿದಳು. "ಎಲ್ಲರೂ ಒಪ್ಪಿದ್ದು" ಎಂದ. "ಕುಶಲಾ?" "ಅವರು ಎಲ್ಲರಲ್ಲಿ ಇಲ್ವಾ?"

ಎಲ್ಲರಲ್ಲಿ ನೀನು ಇದ್ದೀಯೋ ಇಲ್ಲವೋ, ಅದನ್ನು ನನಗೆ ಬರೆದು ತಿಳಿಸು.

ನಾನು ಮಾರ್ಕೆಟಿನ ಮಾಳಿಗೆ ಹತ್ತಿ ನೋಡಿ ಬಂದೆ. ಅಲ್ಲಿ ಗುಡಿಸುತ್ತಿದ್ದ ಹೆಂಗಸು ಸೋಮವ್ವ, ಬಾಗಲಕೋಟೆ ಕಡೆಯವಳು. ಹೂವು ಮಾರುವವರು ಇಲ್ಲಿಗೆ ಬರುತ್ತಾರೆ ಎಂದೆ. ಪೊರಕೆಯ ಮೇಲೆ ಗಲ್ಲ ಇಟ್ಟು ನಕ್ಕಳು. "ಈ ಮ್ಯಾಲಕ ಯಾರ್ ಬರ್ತಾರ ಯವ್ವಾ? ದಿನಾ ಬರಾಕಿ ನಾ ಒಬ್ಬಾಕಿ. ಅದೂ ಕಸಾ ಹೊಡ್ಯಾಕ."

ತಟ್ಟೆ ಸರಿಸಿದೆ ಎಂದು ನೀನು ಬರೆದಿದ್ದೆ. ಅದು ಗೋಳಿಬಜೆ ಕುಶಲಾ. ನಿನಗೆ ಹಸಿವಿಲ್ಲ ಎಂದುಕೊಂಡಿರುತ್ತಾರೆ.

ಬರ್ತಾ


ಬಡಗುಕೆರೆ
15 ಆಗಸ್ಟ್ 1998

ಬರ್ತಾ,

ನಿನ್ನೆ ಪುರಸಭೆಗೆ ಹೋಗಿ ನಡಾವಳಿ ಕೇಳಿದೆ. ಗುಮಾಸ್ತ ತೋರಿಸಿದ. "ಯಾವ ಸದಸ್ಯರೂ ಆಕ್ಷೇಪ ಎತ್ತದ ಕಾರಣ ಸರ್ವಾನುಮತದಿಂದ." ನಾನು ಒಪ್ಪಿರಲಿಲ್ಲ ಎಂದೆ. "ನೀವು ಎಂತ ಹೇಳಿದಿರಿ ಅಕ್ಕ?" ಎಂದು ವಿನಯದಿಂದಲೇ ಕೇಳಿದ. ಏನೂ ಹೇಳಲಿಲ್ಲ ಎಂದೆ. "ಹಾಗಾದರೆ ಸರಿಯಾಗಿಯೇ ಉಂಟಲ್ಲ" ಎಂದ.

ಎರಡು ವರ್ಷದಿಂದ ಆ ಕೋಣೆಯಲ್ಲಿ ಕುಳಿತಿದ್ದೇನೆ. ಮೇಜು ತಟ್ಟುವ ಸದ್ದನ್ನು ತಿಂಗಳು ತಿಂಗಳೂ ಕೇಳಿದ್ದೇನೆ. ಅಲ್ಲಿ ಮೌನವನ್ನು ಏನೆಂದು ಬರೆದುಕೊಳ್ಳುತ್ತಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅದುವರೆಗೆ ನನಗೆ ಸುಮ್ಮನಿದ್ದು ಏನನ್ನೂ ತಡೆಯಬೇಕಾಗಿರಲಿಲ್ಲ.

ಇವತ್ತು ಸಂಜೆ ಅಣ್ಣನ ಜಗಲಿಗೆ ಹೋದೆ. ಅವನು ಬಾವುಟ ಹಾರಿಸಿ ಬಂದು, ಇಸ್ತ್ರಿ ಮಾಡಿದ ಅಂಗಿಯಲ್ಲೇ ಕುಳಿತಿದ್ದ.

"ನಾನು ತಟ್ಟೆ ಸರಿಸಿದ್ದನ್ನು ನೀನು ನೋಡಿದೆಯಾ?" ಎಂದೆ.

"ನೋಡಿದೆ."

"ಅದು ಎಂತ ಅಂತ ಗೊತ್ತಾಯಿತಾ?"

"ನಾನು ಆ ಅಮ್ಮನ ಮಗ ಅಲ್ವಾ ಕುಶಲಾ? ಆ ಕೋಣೆಯಲ್ಲಿ ಗೊತ್ತಾದದ್ದು ನನಗೆ ಒಬ್ಬನಿಗೇ."

"ಮತ್ತೆ?"

"ಮತ್ತೆ ಎಂತ? ಅದು ಮನೆಯ ಜಗಲಿ ಅಲ್ಲ. ಅಲ್ಲಿ ಯಾರೂ ಬೇಡ ಅನ್ನದಿದ್ದರೆ ಆಯಿತು. ನಿನಗೆ ಹೇಳಿಕೊಡಬೇಕಿತ್ತು. ನೀನು ಕೇಳಲಿಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ನನಗೆ ಸೈಕಲ್ ಕಲಿಸುವಾಗಲೂ ಅವನು ಹಿಡಿದ ಕೈಯನ್ನು ಹೇಳದೆ ಬಿಟ್ಟುಬಿಡುತ್ತಿದ್ದ. ಬಿದ್ದ ಮೇಲೆ ಇದೇ ದನಿ.

ಒಂದು ದಾರಿ ಉಂಟು. ಹಿಂದಿನ ಸಭೆಯ ನಡಾವಳಿಯನ್ನು ಮುಂದಿನ ಸಭೆಯಲ್ಲಿ ದೃಢೀಕರಿಸಬೇಕು. ಯಾರೂ ಕಿವಿಗೊಡದ ಮೊದಲ ವಿಷಯ ಅದು. ಅಲ್ಲಿ ಎದ್ದು ನಿಂತು ಹೇಳಬಹುದಂತೆ. ಬಾಯಿ ತೆರೆದು ಹೇಳಬೇಕು.

ಕುಶಲಾ


ಬಡಗುಕೆರೆ
31 ಆಗಸ್ಟ್ 1998

ಬರ್ತಾ,

ನಿನ್ನ ಉತ್ತರ ಬರಲಿಲ್ಲ. ಬಂದರೂ ತರಲು ಬುಟ್ಟಿ ಇಲ್ಲ. ಶನಿವಾರ ಪುರಸಭೆಯ ಲಾರಿ ಬಂದು ಟಾರ್ಪಾಲು, ಹಲಗೆ, ಕೊಡಪಾನ ಎಲ್ಲವನ್ನೂ ಮಾಳಿಗೆಗೆ ಸಾಗಿಸಿತು. ಆದ್ದರಿಂದ ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ನೀನು ಉತ್ತರಿಸದೆ ಇರುವುದು ಬುಟ್ಟಿ ಇಲ್ಲದ್ದಕ್ಕೋ, ಬೇರೆ ಕಾರಣಕ್ಕೋ ಎಂದು ತಿಳಿಯುವ ಬಗೆ ನನಗೆ ಗೊತ್ತಿಲ್ಲ. ಸುಮ್ಮನಿರುವುದನ್ನು ಓದಲು ನನಗೆ ಬರುತ್ತದೆ ಎಂದು ಮೊನ್ನೆಯವರೆಗೆ ಅಂದುಕೊಂಡಿದ್ದೆ.

ಕಟ್ಟೆಯನ್ನು ಇನ್ನೂ ಒಡೆದಿಲ್ಲ. ನಡಾವಳಿ ದೃಢವಾಗದೆ ಗುತ್ತಿಗೆಯ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದು ಮುಖ್ಯಾಧಿಕಾರಿ ಕುಳಿತಿದ್ದಾರೆ. ಚೌತಿಯ ನೆಪದಲ್ಲಿ ಆಗಸ್ಟಿನ ಸಭೆ ಮುಂದೆ ಹೋಯಿತು. ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ ಸೇರುತ್ತೇವೆ.

ನಡಾವಳಿ ದೃಢೀಕರಿಸುವಾಗ ಆಕ್ಷೇಪ ಹೇಳಬಹುದೇ ಎಂದು ನಾನು ವಿಚಾರಿಸಿದ ಸುದ್ದಿ ಅಣ್ಣನಿಗೆ ಮುಟ್ಟಿದೆ. ನಿನ್ನೆ ನಮ್ಮ ಬಾಗಿಲಿಗೆ ಬಂದ. ಚೈತಾಲಿಗೆ ಒಂದು ಸೀರೆ ತಂದಿದ್ದ. ಅವಳು ಕುಣಿದಳು. ಅವಳು ಒಳಗೆ ಹೋದ ಮೇಲೆ ಅವನು ಬಾಗಿಲ ಚೌಕಟ್ಟನ್ನು ಬೆರಳಿನಿಂದ ಬಡಿದು ನೋಡಿದ, ಗೆದ್ದಲು ಇದೆಯೇ ಎಂದು ನೋಡುವವನಂತೆ.

"ಮದುವೆಯಲ್ಲಿ ಧಾರೆ ಎರೆಯುವುದು ಯಾರು?" ಎಂದ.

ನನ್ನ ಯಜಮಾನರು ಹೋದ ಮೇಲೆ ಅದು ಸೋದರಮಾವನ ಕೆಲಸ. ಅವನಿಗೂ ಗೊತ್ತು, ನನಗೂ ಗೊತ್ತು. ಬೆಳ್ಮಣ್ಣಿನವರು ಮೊದಲು ಕೇಳಿದ್ದೂ ಅದನ್ನೇ.

"ನೀನೇ ಅಲ್ವಾ?" ಎಂದೆ.

"ಅದೇ ನಾನೂ ಕೇಳುವುದು. ಊರ ಎದುರು ನನ್ನನ್ನು ಕೂರಿಸಿ ಅಲ್ಲ ಅಂತ ಹೇಳಿದವಳ ಮನೆಯ ಚಪ್ಪರಕ್ಕೆ ನಾನು ಯಾವ ಮುಖದಲ್ಲಿ ಬರಲಿ?"

ಚಪ್ಪಲಿ ಹಾಕಿಕೊಂಡು ಅಂಗಳ ದಾಟಿ ಹೋದ. ಅಂಗಳ ಒಂದೇ, ಬಾಗಿಲು ಎರಡು. ಇಷ್ಟು ವರ್ಷ ಅದರ ಅಗಲವನ್ನು ನಾನು ಗಮನಿಸಿರಲಿಲ್ಲ.

ಕುಶಲಾ


ಶಂಕರಪುರ
8 ಸೆಪ್ಟೆಂಬರ್ 1998

ಕುಶಲಾ,

ಇವತ್ತು ಮೊಂತಿ ಹಬ್ಬ, ನಮ್ಮ ಚರ್ಚಿನ ಮಾತೆಯ ಹುಟ್ಟಿದ ದಿನ. ಮಕ್ಕಳು ಬೆಳಿಗ್ಗೆಯೇ ಗುಡ್ಡದ ಹೂವನ್ನೆಲ್ಲ ಕೊಯ್ದು ತಂದು ಮಾತೆಗೆ ಹಾಕಿದರು. ಕಾಸಿಲ್ಲದ ಹೂವಿಗೆ ಇವತ್ತು ಬೆಲೆ. ನನ್ನ ಮಲ್ಲಿಗೆ ಬುಟ್ಟಿಯಲ್ಲೇ ಇದೆ. ಅಪ್ಪಿಯಕ್ಕ ಮಾಳಿಗೆಗೆ ಒಂದು ವಾರ ಹೋದಳು. ಈಗ ಹೋಗುವುದಿಲ್ಲ. ಮೊಣಕಾಲು ಹಿಡಿದುಕೊಂಡಿದೆ. "ಮೇಲೆ ಹತ್ತುವುದು ಸ್ವರ್ಗಕ್ಕೆ ಹೋಗುವಾಗ ಸಾಕು" ಎನ್ನುತ್ತಾಳೆ. ನಮ್ಮ ಬೀದಿಯವರು ಉಡುಪಿಯ ಏಜೆಂಟನಿಗೆ ಕೊಡಲು ಶುರು ಮಾಡಿದ್ದಾರೆ. ಅವನು ಹೇಳಿದ್ದೇ ದರ. ನಾನು ಇನ್ನೂ ಕೊಟ್ಟಿಲ್ಲ. ಎಷ್ಟು ದಿನ ಎಂದು ಕೇಳಬೇಡ.

ಚೈತಾಲಿಯ ಮದುವೆಗೆ ಮಾವ ಬೇಕು ಎಂಬುದನ್ನು ಅಪ್ಪಿಯಕ್ಕನೇ ನನಗೆ ಬಿಡಿಸಿ ಹೇಳಿದಳು. ನಮ್ಮಲ್ಲಿ ಹಾಗಿಲ್ಲ, ಆದ್ದರಿಂದ ನಿನ್ನ ಕಾಗದದಲ್ಲಿ ಅದರ ತೂಕ ನನಗೆ ಸಿಕ್ಕಿರಲಿಲ್ಲ. "ಕುಶಲಾ ಬಾಯಿ ತೆರೆದರೆ ಮಗಳ ಚಪ್ಪರದಲ್ಲಿ ಊರೆಲ್ಲ ಬಾಯಿ ತೆರೆಯುತ್ತದೆ. ಅವಳಿಗೆ ಬರೆಯಬೇಡ" ಎಂದಳು. ಕಟ್ಟೆ ಹೋದದ್ದು ಅವಳದು. ಹೇಳಿದವಳೂ ಅವಳೇ.

ಮೊದಲ ಕಾಗದದಲ್ಲಿ ನಾನು ಕೇಳಿದ್ದನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ಇನ್ನೊಮ್ಮೆ ಕೇಳುವುದೂ ಇಲ್ಲ.

ನನ್ನ ಅಮ್ಮನ ಮಣ್ಣಿಗೆ ನೀನು ಯಾಕೆ ಬರಲಿಲ್ಲ ಎಂದು ಹನ್ನೊಂದು ವರ್ಷ ನನ್ನಷ್ಟಕ್ಕೇ ಉತ್ತರ ಬರೆದುಕೊಂಡಿದ್ದೆ. ಆಗಲೂ ನೀನು ಏನೂ ಹೇಳಿರಲಿಲ್ಲ. ನಾನು ಏನೆಂದು ಬರೆದುಕೊಂಡೆನೋ ಅದು ತಪ್ಪಿರಬಹುದು.

ಬರ್ತಾ


ಬಡಗುಕೆರೆ
23 ಸೆಪ್ಟೆಂಬರ್ 1998

ಪ್ರೀತಿಯ ಬರ್ತಾ,

ನಿನ್ನೆಯದನ್ನು ನಡೆದ ಹಾಗೆ ಬರೆಯುತ್ತೇನೆ. ಅದಕ್ಕೆ ಅರ್ಥ ಸೇರಿಸುವುದಿಲ್ಲ. ಆ ವಿಷಯದಲ್ಲಿ ನನಗೆ ಈಗ ಧೈರ್ಯವಿಲ್ಲ.

ಗುಮಾಸ್ತ ಎದ್ದು, "ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸಲಾಯಿತು" ಎಂದ. ಓದಿರಲಿಲ್ಲ. ಯಾವತ್ತೂ ಓದುವುದಿಲ್ಲ. ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಜರುಗಿ ಬೆಂಚಿಗೆ ತಾಗಿತು. ಅಣ್ಣನ ಮೊಣಕಾಲಿಗೇ ತಾಗಿರಬೇಕು.

"ಹೂವಿನ ಕಟ್ಟೆಯ ವಿಷಯಕ್ಕೆ ನನ್ನ ಒಪ್ಪಿಗೆ ಇಲ್ಲ" ಎಂದೆ.

ಮೊದಲು ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಹೆಚ್ಚು ಕಷ್ಟ. ಮೊದಲ ಸಲ ಬಾಯಿ ತಪ್ಪಿ ಬಂತು ಎಂದಾದರೂ ಹೇಳಿಕೊಳ್ಳಬಹುದು.

ಬಂದರು ರಸ್ತೆಯವರು, "ಕುಶಲಕ್ಕನಿಗೆ ದನಿ ಉಂಟಾ ಮಾರಾಯ್ರೆ! ಎರಡು ವರ್ಷದಿಂದ ನಾನು ಫೋಟೊ ಇಟ್ಟಿದ್ದಾರೆ ಅಂತ ಗ್ರಹಿಸಿದ್ದೆ" ಎಂದರು. ನಗು. ಅಧ್ಯಕ್ಷರು ಕೈ ಎತ್ತಿ ನಗುವನ್ನು ನಿಲ್ಲಿಸಿ, "ಅಕ್ಕ, ಆ ದಿನ ನೀವು ಏನೂ ಹೇಳಲಿಲ್ಲ ಅಲ್ವಾ?" ಎಂದರು.

"ಹೇಳಲಿಲ್ಲ. ಒಪ್ಪಿದ್ದರೆ ಹೇಳುತ್ತಿದ್ದೆ."

ಅದಕ್ಕೆ ಯಾರೂ ನಗಲಿಲ್ಲ. ಯಾಕೆ ಎಂದು ನನಗೆ ಗೊತ್ತಿಲ್ಲ. ಮುಖ್ಯಾಧಿಕಾರಿ ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: ಸದಸ್ಯೆಯೇ ಒಪ್ಪಿಲ್ಲ ಎನ್ನುವಾಗ ಸರ್ವಾನುಮತ ಎಂದು ತಾನು ಸಹಿ ಹಾಕುವುದಿಲ್ಲ. ಪುರಸಭೆಯ ಜಾಗ ಹೊರಗಿನವರಿಗೆ ಹೋಗಬೇಕಾದರೆ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಕೈ ಎದ್ದು ಕಾಣಬೇಕು. ನಾವು ಇಪ್ಪತ್ತೊಂದು ಜನ. ಹನ್ನೊಂದು ಕೈ ಬೇಕು. ನಿನ್ನೆ ನಾಲ್ಕು ಗಂಡಸರು ಬಂದಿರಲಿಲ್ಲ.

"ವಿರೋಧ ಇರುವವರು ಕೈ ಎತ್ತಿ" ಎಂದರು. ನಾನು ಎತ್ತಿದೆ. ಒಬ್ಬಳೇ. ಹೆಂಗಸರು ಏಳು ಮಂದಿ ಒಂದೇ ಸಾಲಿನಲ್ಲಿ ಕೂರುತ್ತೇವೆ. ಉಳಿದ ಆರು ಮಂದಿ ಮೇಜು ನೋಡುತ್ತಿದ್ದರು. ನನ್ನ ಕೈ ನನಗೇ ಬೇರೆಯವರ ಕೈಯಂತೆ ಕಂಡಿತು.

"ಪರವಾಗಿ ಇರುವವರು" ಎನ್ನುವಾಗ ಹುಡುಗರು ಚಹಾ ತಂದರು. ಗೋಳಿಬಜೆಯ ತಟ್ಟೆಗಳನ್ನು ಒಬ್ಬೊಬ್ಬರ ಎದುರು ಇಟ್ಟುಕೊಂಡು ಹೋದರು. ಗಂಡಸರ ಕೈಗಳು ಎದ್ದವು. ನನ್ನ ಎಡಕ್ಕೆ ಕುಳಿತಿದ್ದ ಕೆರೆ ವಾರ್ಡಿನವಳು ತನ್ನ ಎದುರಿನ ತಟ್ಟೆಯನ್ನು ಮೆಲ್ಲನೆ ಮುಂದಕ್ಕೆ ಸರಿಸಿದಳು. ಒಂದು ಗೇಣು. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಅವಳ ಆಚೆಯವಳೂ ಸರಿಸಿದಳು. ಯಾರೂ ಯಾರನ್ನೂ ನೋಡಲಿಲ್ಲ. ಕೊನೆಯ ಕುರ್ಚಿಯವಳ ಗಂಡ ಹಿಂದಿನ ಬೆಂಚಿನಿಂದ ಕೆಮ್ಮಿದ. ಅವಳ ಕೈ ಎದ್ದಿತು. ಅವಳದೊಂದೇ.

ಮುಖ್ಯಾಧಿಕಾರಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಹತ್ತು ಮತ್ತು ಒಂದು. ನನ್ನದು ಎಣಿಕೆಯಲ್ಲಿ ಬೇರೆ, ಬರ್ತಾ. ಪರವಾಗಿ ಎದ್ದದ್ದು ಗಂಡಸರು ಹತ್ತು, ಹೆಂಗಸು ಒಬ್ಬಳು. ಹನ್ನೊಂದು.

ಆಗ ಎಂತ ಆಯಿತು ಎಂದರೆ, ಕಟ್ಟೆಯ ಎದುರಿನ ವಾರ್ಡಿನ ಹಿರಿಯ ಸದಸ್ಯರು, ಮಾತೇ ಆಡದವರು, ಎತ್ತಿದ ಕೈಯನ್ನು ಹಾಗೇ ಇಟ್ಟುಕೊಂಡು ಹೆಂಗಸರ ಸಾಲನ್ನು ನೋಡುತ್ತಿದ್ದರು. ಒಂದು ತಟ್ಟೆಯಿಂದ ಇನ್ನೊಂದು ತಟ್ಟೆಗೆ. ಅವರದೂ ನಮ್ಮಂಥದೇ ಮನೆ. ಅವರು ಕೈ ಇಳಿಸಿದರು. "ನಂದು ಬಿಡಿ" ಎಂದರು.

"ಯಾಕೆ?" ಎಂದರು ಅಧ್ಯಕ್ಷರು.

"ಹೆಂಗಸರು ಎಲೆ ಎತ್ತಲಿಲ್ಲ" ಎಂದರು. ಆಮೇಲೆ ತಾನು ಎಲ್ಲಿ ಕುಳಿತಿದ್ದೇನೆಂದು ನೆನಪಾದವರಂತೆ ಚಹಾ ಕುಡಿದರು.

ವಿಷಯ ಬಿದ್ದಿತು. ಹೆಂಗಸರು ಒಮ್ಮನಸ್ಸಿನಿಂದ ಸರಿಸಿದರೋ, ಕೆಲವರಿಗೆ ಹಸಿವಿರಲಿಲ್ಲವೋ, ನಾನು ಕೇಳಿಲ್ಲ. ಕೇಳುವುದೂ ಇಲ್ಲ. ಹಿಂದಿನ ಬೆಂಚಿನಲ್ಲಿ ಅಣ್ಣನ ಜಾಗ ಖಾಲಿಯಾಗಿತ್ತು. ನಶ್ಯದ ವಾಸನೆ ಮಾತ್ರ ಉಳಿದಿತ್ತು. ಮಳೆ ಬರುತ್ತಿತ್ತು. ನಾನು ಕೊಡೆ ತಂದಿರಲಿಲ್ಲ. ಅಣ್ಣನಲ್ಲಿ ಯಾವತ್ತೂ ಇರುತ್ತಿತ್ತು.

ನಿನ್ನ ಅಮ್ಮನ ಮಣ್ಣಿಗೆ ಹೊರಟು ಬಸ್ ನಿಲ್ದಾಣದವರೆಗೆ ಬಂದಿದ್ದೆ. ನನ್ನ ಯಜಮಾನರು ಆ ದಿನವೇ ರಕ್ತ ಕಾರಿದರು. ಮನೆಯಿಂದ ಆಳು ಓಡಿ ಬಂದ. ಆಮೇಲೆ ಹೇಳಬಹುದಿತ್ತು. ಹೇಳದಿದ್ದರೂ ನಿನಗೆ ತಿಳಿಯುತ್ತದೆ ಎಂದುಕೊಂಡೆ.

ಕುಶಲಾ


ಶಂಕರಪುರ
4 ಅಕ್ಟೋಬರ್ 1998

ಕುಶಲಾ,

ಬುಟ್ಟಿ ಇವತ್ತಿನಿಂದ ಮತ್ತೆ ಹೊರಟಿದೆ. ಎಲೆಯ ಅಡಿಯಲ್ಲಿ ನೋಡು.

ನಿನ್ನೆ ಅಪ್ಪಿಯಕ್ಕನನ್ನು ಕಟ್ಟೆಯ ಮೇಲೆ ಕೂರಿಸಲು ಇಬ್ಬರು ಹಿಡಿಯಬೇಕಾಯಿತು. ಕುಳಿತವಳೇ, "ಇನ್ನು ಅಳೆಯಲು ಬಂದರೆ ನನ್ನನ್ನು ಎತ್ತಿಯೇ ಅಳೆಯಬೇಕು" ಎಂದಳು. ಮುಂದಿನ ವರ್ಷ ಬೇರೆ ಅಧ್ಯಕ್ಷ ಬರುತ್ತಾನೆ, ಬೇರೆ ಟೇಪು ಬರುತ್ತದೆ. ಅದು ಅವಳಿಗೂ ಗೊತ್ತು.

ನಿಮ್ಮವರ ವಿಷಯ ಓದಿದೆ. ನಾನು ಬರೆದುಕೊಂಡಿದ್ದ ಉತ್ತರದಲ್ಲಿ ಅದು ಇರಲಿಲ್ಲ.

ಮದುವೆಯ ಹೂವು ನನ್ನ ಗಿಡದ್ದೇ. ದರ ಕೇಳಿದರೆ ಕಳುಹಿಸುವುದಿಲ್ಲ. ಶೇಖರಣ್ಣ ಏನೆಂದರು?

ಬರ್ತಾ


ಬಡಗುಕೆರೆ
22 ನವೆಂಬರ್ 1998

ಪ್ರೀತಿಯ ಬರ್ತಾ,

ನೀನು ಕೇಳಿದ್ದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ. ಅಂದಿನಿಂದ ಅಣ್ಣ ನನ್ನೊಡನೆ ಮಾತಾಡಿಲ್ಲ. ಬೆಳಿಗ್ಗೆ ಇಬ್ಬರೂ ಒಂದೇ ಅಂಗಳ ಗುಡಿಸುತ್ತೇವೆ, ಅವನ ಕಡೆಯಿಂದ ಅತ್ತಿಗೆ, ನನ್ನ ಕಡೆಯಿಂದ ನಾನು. ನಡುವೆ ಒಂದು ಗೆರೆಯಷ್ಟು ಎಲೆ ಉಳಿಯುತ್ತದೆ.

ಮದುವೆ ಡಿಸೆಂಬರ್ ಆರಕ್ಕೆ. ಬೆಳ್ಮಣ್ಣಿನವರು ಎರಡು ಸಲ ಹೇಳಿ ಕಳುಹಿಸಿದರು: ಧಾರೆಗೆ ಮಾವ ನಿಲ್ಲುತ್ತಾರಲ್ಲವೇ? ಚೈತಾಲಿ ನನ್ನನ್ನು ಏನೂ ಕೇಳುವುದಿಲ್ಲ. ಅವನು ಕೊಟ್ಟ ಸೀರೆಯನ್ನು ತೆಗೆದು ನೋಡಿ ಮಡಚಿ ಇಡುತ್ತಾಳೆ.

ಇವತ್ತು ಬೆಳಿಗ್ಗೆ ಅಮ್ಮನ ಹರಿವಾಣವನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ವೀಳ್ಯದೆಲೆ, ಅಡಿಕೆ, ಕರೆಯೋಲೆ ಇಟ್ಟುಕೊಂಡು ಅಂಗಳ ದಾಟಿದೆ. ಅವನು ಜಗಲಿಯಲ್ಲಿ ಪೇಪರು ಓದುತ್ತಿದ್ದ. ಹರಿವಾಣವನ್ನು ಅವನ ಎದುರು ಇಟ್ಟೆ.

"ಅಣ್ಣಾ, ಚೈತಾಲಿಯ ಧಾರೆಗೆ ನೀನು ಬರಬೇಕು."

ಅವನು ಪೇಪರು ಇಳಿಸಿದ. ಹರಿವಾಣ ನೋಡಿದ. ಅದು ಯಾರದೆಂದು ಗುರುತು ಹತ್ತಿತು. ಮುಟ್ಟಲಿಲ್ಲ. ಅತ್ತಿಗೆ ಕಾಫಿ ತಂದಳು. ಅವನ ಲೋಟದಲ್ಲಿ ಕೆನೆ ಕಟ್ಟಿತು. ನಾನು ನನ್ನದನ್ನು ಪೂರ್ತಿ ಕುಡಿದೆ. ಬಾವಿಯ ಪಂಪು ಓಡುತ್ತಿತ್ತು. ಅವನು ಎದ್ದು ಅದನ್ನು ನಿಲ್ಲಿಸಲು ಹೋದ. ಪಂಪು ನಿಂತಿತು. ಅವನು ಹಿಂದೆ ಬರಲಿಲ್ಲ.

ಬೇಡ ಎನ್ನಲಿಲ್ಲ, ಬರ್ತಾ. ಆವು ಎನ್ನಲೂ ಇಲ್ಲ.

ಅಮ್ಮನ ಕಾಲದಲ್ಲಿ ಇದಕ್ಕೆ ಒಂದೇ ಅರ್ಥ. ಹರಿವಾಣ ಎತ್ತಿಕೊಂಡು ಹಿಂದಿರುಗಬೇಕು. ಬೇರೆ ಯಾರನ್ನಾದರೂ ಹುಡುಕಬೇಕು. ಅತ್ತಿಗೆಯೂ ನಾನು ಎತ್ತಿಕೊಳ್ಳುತ್ತೇನೆಂದೇ ಕಾದಿದ್ದಳು.

ನಾನು ಎತ್ತಿಕೊಳ್ಳಲಿಲ್ಲ. ಖಾಲಿ ಕೈಯಲ್ಲಿ ಅಂಗಳ ದಾಟಿ ಬಂದು, ಬೆಳ್ಮಣ್ಣಿಗೆ ಫೋನು ಮಾಡಿದೆ. ನಮ್ಮ ಫೋನು ಅಣ್ಣನ ಮನೆಯಲ್ಲೂ ರಿಂಗಾಗುತ್ತದೆ. ಮಾತಿನ ನಡುವೆ ಆ ತುದಿಯಲ್ಲಿ ಯಾರೋ ರಿಸೀವರ್ ಎತ್ತಿದ ಸದ್ದು ಕೇಳಿತು. ನಾನು ದನಿ ತಗ್ಗಿಸಲಿಲ್ಲ. ಮಾವನನ್ನು ಕೇಳಿ ಆಯಿತು, ಅವರು ಯಾವ ಆಕ್ಷೇಪವನ್ನೂ ಎತ್ತಲಿಲ್ಲ, ಧಾರೆಗೆ ಅವರೇ ನಿಲ್ಲುತ್ತಾರೆ ಎಂದೆ. ಅವನು ಬೇಕಾದರೆ ಆಗಲೇ ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಸ್ವಲ್ಪ ಹೊತ್ತು ಅವನ ಉಸಿರು ಕೇಳಿತು. ಆಮೇಲೆ ರಿಸೀವರ್ ಇಟ್ಟ.

ಚಪ್ಪರದಲ್ಲಿ ಅವನಿಗೆ ಮಣೆ ಹಾಕಲು ಹೇಳಿದ್ದೇನೆ.

ನಿನ್ನ
ಕುಶಲಾ